ಪಾಳುಮನೆಯ ಛಾಯಾಚಿತ್ರ

ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದಿಂದ ಉತ್ತರಕ್ಕೆ ಪ್ರಯಾಣ ಮಾಡುವವರಿಗೆ ಒಂದು ವಿಚಿತ್ರ ನೋಟ ಎದುರಾಗುತ್ತದೆ. ವಿಶಾಲವಾದ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲಿನ ಮನೆ. ಗೋಡೆಗಳಿವೆ, ಛಾವಣಿಯಿಲ್ಲ, ಒಲೆಯಿದೆ, ಬೆಂಕಿಯಿಲ್ಲ. ಇವು ರೈತರು ಕಟ್ಟಿ, ಬಾಳಿ, ಬಿಟ್ಟುಹೋದ ಮನೆಗಳು. ಇಂತಹ ಪಾಳುಗಟ್ಟಡಗಳಲ್ಲಿ ಕೆಲವನ್ನು ಚಾರಿತ್ರಿಕ ಅವಶೇಷಗಳೆಂದು ಕಾಪಾಡಲಾಗಿದೆ. ಛಾಯಾಗ್ರಾಹಕರಿಗಂತೂ ಇವು ಬಲು ಪ್ರಿಯವಾದುವು. ಆದರೆ ಇವುಗಳ ಚಿತ್ರ ಕಣ್ಣಿಗೆ ಹಬ್ಬವಾದರಷ್ಟೇ ಸಾಕೆ? ಉತ್ತರಕ್ಕಾಗಿ, ಈ ಮನೆಗಳು ಬರಿದಾದುದೇಕೆಂಬುದನ್ನು ಮೊದಲು ನೋಡೋಣ.

1865ರಲ್ಲಿ ಆ ಪ್ರಾಂತದಲ್ಲಿ ಘೋರವಾದ ಬರಗಾಲವಿದ್ದಿತು. ಭೂಮಾಪನದ ಮುಖ್ಯಾಧಿಕಾರಿ ಜಾರ್ಜ್ ಗಾಯ್ಡರ್ ಕುದುರೆಯೇರಿ ಸುತ್ತಾಡಿ, ಬರ ತಟ್ಟಿದ ನೆಲದ ಅಂಚನ್ನು ಗುರುತಿಸಿದನು. ನೆಲದ ಮೇಲೆ ಬೆಳೆದಿದ್ದ ಗಿಡಗಳೇ ಅವನಿಗೆ ದಾರಿ ತೋರಿದುವು. ಅವನೆಳೆದ ಗೆರೆಯ ದಕ್ಷಿಣಕ್ಕೆ ಬೇಸಾಯ ಮಾಡಬಹುದು. ಉತ್ತರದ ನೆಲ ಮೇವಿಗೆ ಮಾತ್ರ ಯೋಗ್ಯ. ಈ ಗೆರೆ ವರ್ಷಕ್ಕೆ ಸುಮಾರು 10ರಿಂದ 12 ಅಂಗುಲ ಮಳೆ ಬೀಳುವ ಸ್ಥಳಗಳನ್ನು ಕೂಡಿಸುವ ರೇಖೆಗೆ ಹತ್ತಿರವಾಗಿದೆ.

ಮುಂದೆ ಕೆಲವು ವರ್ಷ ಮಳೆ ಚೆನ್ನಾಗಿ ಬಂದಿತು. ಗೆರೆಯಾಚೆಗೆ ಬೇಸಾಯವನ್ನು ತಡೆದಿದ್ದ 1872ರ ಕಾನೂನು 1874ರಲ್ಲಿ ರದ್ದಾಯಿತು. ನೇಗಿಲು ನಡೆದಲ್ಲಿಗೆ ಮಳೆಯೂ ಬರುವುದೆಂಬ ನಂಬಿಕೆ ಆಗ ಪ್ರಬಲವಾಗಿದ್ದಿತು. ರೈತರು ಗೆರೆಯನ್ನು ದಾಟಿ ಗೋಧಿ ಬಿತ್ತಿದರು, ಮನೆ ಕಟ್ಟಿದರು. 1880ರ ಬಳಿಕ ಬರ ಮರಳಿತು. ಅನೇಕ ಸಂಸಾರಗಳು ಕಟ್ಟಿದ ಮನೆಯನ್ನು ತೊರೆದುವು. ನಾಲ್ಕಾರು ವರ್ಷದ ಮಳೆಯನ್ನು ನಾಡಿನ ಹವಾಗುಣವೆಂದು ಬಗೆದುದರ ಫಲವಿದು. ಬೇಸಾಯಗಾರರಷ್ಟೇ ಅಲ್ಲ, ಕುರಿಸಾಕಣೆಯವರೂ ಸೋತದ್ದುಂಟು: ಕಾನ್ಯಾಕಾ ಎಂಬಲ್ಲಿ 1852ರಲ್ಲಿ ಆರಂಭವಾದ ದೊಡ್ಡ ನೆಲೆ 1888ರ ವೇಳೆಗೆ ಬರಿದಾಯಿತು.

ಹೀಗೆ ಪ್ರತಿಯೊಂದು ಪಾಳುಮನೆಯೂ ಒಂದು ಮಳೆಮಾಪಕದಂತೆ ನಿಂತಿದೆ. ಮಾಪಕವನ್ನು ಓದುವಷ್ಟೇ ಎಚ್ಚರಿಕೆಯಿಂದ ಅದರ ಚಿತ್ರವನ್ನು ತೆಗೆಯಬೇಕು.

ಮೊದಲು ಬೆಳಕು. ಭೂಗೋಳದ ಆ ಭಾಗದಲ್ಲಿ ನಡುಹಗಲಿನ ಸೂರ್ಯ ಸದಾ ಉತ್ತರದಲ್ಲಿರುತ್ತಾನೆ. ಆದ್ದರಿಂದ ಆ ಹೊತ್ತಿನಲ್ಲಿ ತೆಂಕಣ ಗೋಡೆಗೆ ನೇರ ಬಿಸಿಲಿಲ್ಲ. ಗೋಡೆಯ ಬಿರುಕು ಸ್ಪಷ್ಟವಾಗಿ ಕಾಣಬೇಕಾದರೆ ಕಿರಣಗಳು ಗೋಡೆಯನ್ನು ಸವರಿಕೊಂಡು ಬರಬೇಕು. ಗೋಡೆಗೆ 10 ಡಿಗ್ರಿ ಕೋನದಲ್ಲಿ ಬರುವ ಕಿರಣವು, 1 ಸೆಂಟಿಮೀಟರ್ ಹೊರಚಾಚಿದ ಕಲ್ಲಿನಿಂದ ಸುಮಾರು 5.7 ಸೆಂಟಿಮೀಟರ್ ನೆರಳನ್ನುಂಟುಮಾಡುತ್ತದೆ. ಕೋನ 60 ಡಿಗ್ರಿಯಾದರೆ ನೆರಳು 0.6 ಸೆಂಟಿಮೀಟರಿಗಿಂತ ಕಡಮೆ!

ಎರಡನೆಯದು ಕ್ಯಾಮೆರಾದ ನಿಲುವು. ಅದನ್ನು ಮೇಲ್ಮುಖವಾಗಿ ಓರೆಮಾಡಿದರೆ, ನೆಟ್ಟಗಿರುವ ಗೋಡೆಗಳೂ ಮೇಲೆ ಒಂದರತ್ತ ಒಂದು ಬಾಗಿದಂತೆ ಕಾಣುತ್ತವೆ. ಆಗ ನಿಜವಾಗಿ ವಾಲಿದ ಗೋಡೆ ಯಾವುದೆಂದು ಹೇಳುವುದು ಕಷ್ಟ. ಕ್ಯಾಮೆರಾವನ್ನು ಸಮಮಟ್ಟದಲ್ಲಿರಿಸಿ, ಗೋಡೆಯ ಬಳಿ ಅಳತೆಯ ಕೋಲೊಂದನ್ನು ನಿಲ್ಲಿಸಿದರೆ ಚಿತ್ರವೇ ಅಳತೆಯ ಸಾಧನವಾಗುತ್ತದೆ. ಜರ್ಮನಿಯ ವಾಸ್ತುಶಿಲ್ಪಿ ಆಲ್‌ಬ್ರೆಕ್ಟ್ ಮೈಡನ್‌ಬೌವರ್ 1858ರಲ್ಲಿ ವೆಟ್ಸ್‌ಲಾರ್ ನಗರದ ಪುರಾತನ ಚರ್ಚನ್ನು ಅಳೆಯುವಾಗ ಮೇಲಿನಿಂದ ಬೀಳುವುದರಲ್ಲಿದ್ದನು. ಕಟ್ಟಡವನ್ನು ಹತ್ತದೆ, ಅದರ ಛಾಯಾಚಿತ್ರಗಳಿಂದಲೇ ಅಳೆಯಬಾರದೇಕೆಂದು ಯೋಚಿಸಿದನು. ಎರಡು ಸ್ಥಾನಗಳಿಂದ ತೆಗೆದ ಚಿತ್ರಗಳಲ್ಲಿ ಒಂದೇ ಬಿಂದುವಿನ ದಿಕ್ಕನ್ನು ಅಳೆದರೆ, ತ್ರಿಕೋನಮಿತಿಯಿಂದ ಅದರ ನೆಲೆ ದೊರೆಯುತ್ತದೆ. ಈ ವಿದ್ಯೆ ಇಂದಿಗೂ ಬಳಕೆಯಲ್ಲಿದೆ.

ಮೂರನೆಯದು ಕಾಲ. ಅವಶೇಷವನ್ನು ಕಾಪಾಡುವುದೆಂದರೆ ಹೊಸ ಮನೆ ಕಟ್ಟುವುದಲ್ಲ. ಇದ್ದುದು ಇದ್ದಂತೆಯೇ ಇರಲೆಂದು ಎಷ್ಟು ಶ್ರಮಿಸಿದರೂ ಗಾಳಿಮಳೆಗಳು ಗಾರೆಯನ್ನು ಸವೆಸುತ್ತಲೇ ಇರುತ್ತವೆ. ಅದೇ ಸ್ಥಳದಿಂದ, ಅದೇ ಮಸೂರದಿಂದ, ಅದೇ ತಿಂಗಳ ಅದೇ ವೇಳೆಯಲ್ಲಿ ವರ್ಷ ವರ್ಷವೂ ತೆಗೆದ ಚಿತ್ರಗಳು ಮಾತ್ರ ಈ ಸವೆತದ ಲೆಕ್ಕವನ್ನು ಕೊಡಬಲ್ಲುವು. ದಿನಾಂಕವಿಲ್ಲದ ಚಿತ್ರ ಈ ಲೆಕ್ಕಕ್ಕೆ ಒದಗದು.

ಭೂಮಿಯ ವಾತಾವರಣ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಗಾಯ್ಡರನ ಗೆರೆ ದಕ್ಷಿಣಕ್ಕೆ ಸರಿಯಬಹುದೆಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಹಾಗಾದರೆ ಇಂದು ಪೈರು ನಿಂತಿರುವ ಹೊಲಗಳ ಗತಿಯೇನು? ಆ ಪ್ರಶ್ನೆಯನ್ನು ಕೇಳುವವರಿಗೆ ಛಾವಣಿಯಿಲ್ಲದ ಈ ಮನೆಗಳು ಸಾಕ್ಷಿ ನುಡಿಯುತ್ತವೆ. ಗೋಡೆ ಬಿದ್ದ ಮೇಲೂ ಆ ಸಾಕ್ಷ್ಯ ಉಳಿಯಬೇಕಾದರೆ ನಮ್ಮ ಚಿತ್ರ ಸತ್ಯವಾಗಿರಬೇಕು.