ದ್ರಾಕ್ಷಿಯ ಬೂಜು ತುಪ್ಪಟ ರೋಗ: ಮಚ್ಚೆ ಕಾಣುವ ಮೊದಲೇ ಸಿಂಪರಣೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟನಿಯ ನಂತರದ ಐವತ್ತು ಅರವತ್ತು ದಿನಗಳು ಇಡೀ ವರ್ಷದ ಫಸಲನ್ನು ನಿರ್ಧರಿಸುತ್ತವೆ. ಏಪ್ರಿಲ್ ಚಾಟನಿಯಿಂದ ಕಡ್ಡಿ ತಯಾರಾಗುತ್ತದೆ. ನಾವು ಕೊಯ್ಯುವ ಗೊಂಚಲು ಬರುವುದು ಅಕ್ಟೋಬರ್ ಚಾಟನಿಯ ಚಿಗುರಿನಲ್ಲಿ. ಇದೇ ಸಮಯಕ್ಕೆ ಮಳೆ ಹಿಡಿದರೆ ಬೂಜು ತುಪ್ಪಟ ರೋಗ ಬರುತ್ತದೆ. 2009ರ ನವೆಂಬರಿನ ಅಕಾಲಿಕ ಮಳೆಯಲ್ಲಿ ನೆರೆಯ ಮಹಾರಾಷ್ಟ್ರದ ದ್ರಾಕ್ಷಿ ಬೆಳೆಗಾರರು ಈ ರೋಗದಿಂದ ಭಾರೀ ನಷ್ಟ ಅನುಭವಿಸಿದರು.

ಔಷಧಿ ಹೊಡೆಯದ ದ್ರಾಕ್ಷಿ ಬೆಳೆಗಾರರು ಇಂದು ವಿರಳ. ಆದರೂ ಬೆಳೆ ಕೈಬಿಡುವುದುಂಟು. ಸಿಂಪರಣೆ ತಡವಾಗುವುದು ಮತ್ತು ಎಲೆಯ ಮೇಲ್ಭಾಗವಷ್ಟೇ ನೆನೆಯುವುದು ಇದಕ್ಕೆ ಮುಖ್ಯ ಕಾರಣಗಳು.

ಈ ರೋಗಾಣುವಿನ ಬೀಜಕಣಗಳು ಎಲೆಯ ಮೇಲಿನ ನೀರಿನ ಪದರದಲ್ಲಿ ಈಜಿ, ಪತ್ರರಂಧ್ರಗಳ ಮೂಲಕ ಒಳಸೇರುತ್ತವೆ. ದ್ರಾಕ್ಷಿ ಎಲೆಯಲ್ಲಿ ಈ ರಂಧ್ರಗಳಿರುವುದು ತಳಭಾಗದಲ್ಲಿ. ಒಳಹೊಕ್ಕ ಮೇಲೆ ನಾಲ್ಕೈದು ದಿನ, ಕೆಲವೊಮ್ಮೆ ಒಂದು ವಾರ, ಹೊರಗೆ ಏನೂ ಕಾಣದು. ನಂತರ ಮೇಲ್ಭಾಗದಲ್ಲಿ ಎಣ್ಣೆ ತೊಟ್ಟಿಕ್ಕಿದಂತಹ ಹಳದಿ ಮಚ್ಚೆ, ಅದರ ನೇರ ಕೆಳಗೆ ಬಿಳಿ ಬೂಜು. ಸೋಮವಾರ ರಾತ್ರಿಯ ಮಳೆಯಲ್ಲಿ ತಗುಲಿದ ರೋಗ ಕಣ್ಣಿಗೆ ಬೀಳುವುದು ರವಿವಾರದ ಹೊತ್ತಿಗೆ. ಅಂದು ಹೊಡೆದ ಮ್ಯಾಂಕೋಜೆಬ್ ಎಲೆಯ ಒಳಗಿರುವ ರೋಗವನ್ನು ಮುಟ್ಟುವುದಿಲ್ಲ. ಅದು ಮುಂದಿನ ಎಲೆಗಳನ್ನಷ್ಟೇ ಕಾಯಬಲ್ಲದು. ಅಷ್ಟರಲ್ಲಿ ರೋಗ ಹೂಗೊಂಚಲಿಗೆ ಇಳಿದಿದ್ದರೆ ಗೊಂಚಲು ಕಂದಾಗಿ ಒಣಗುತ್ತದೆ.

ಇದನ್ನು ಬೂದಿ ರೋಗವೆಂದು ತಿಳಿದು ಗಂಧಕ ಹೊಡೆಯುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ. ಬೂದಿ ರೋಗದ ಪುಡಿ ಎಲೆಯ ಮೇಲ್ಭಾಗದಲ್ಲೂ ಇರುತ್ತದೆ, ಅದು ಹರಡಲು ಮಳೆಯೇ ಬೇಕಿಲ್ಲ.

ಆದ್ದರಿಂದ ಚಿಗುರು ಮೂರರಿಂದ ಐದು ಎಲೆ ಬಿಟ್ಟಾಗಲೇ ಮೊದಲ ಸಿಂಪರಣೆ ಆಗಬೇಕು. ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ, ನಾಝಲನ್ನು ಮೇಲ್ಮುಖ ಮಾಡಿ ಎಲೆಯ ತಳ ನೆನೆಯುವಂತೆ ಸಿಂಪಡಿಸಬೇಕು. ಮೋಡ ಕವಿದು ಮಳೆಯ ಮುನ್ಸೂಚನೆ ಇದ್ದರೆ ಮುಂದಿನ ಸರದಿಯ ದಿನಕ್ಕಾಗಿ ಕಾಯದೆ ಮಳೆಗೆ ಮುಂಚೆಯೇ ಹೊಡೆಯುವುದು ಲೇಸು. ಕಾಯಿ ಬಟಾಣಿ ಗಾತ್ರಕ್ಕೆ ಬರುವವರೆಗೆ ಈ ಎಚ್ಚರ ಸಡಿಲಿಸಬಾರದು.

ಚಾಟನಿಯಾದ ಕೂಡಲೇ ಕಾಂಡ ಮತ್ತು ಕಡ್ಡಿಗಳಿಗೆ ಶೇ. 1ರ ಬೋರ್ಡೋ ದ್ರಾವಣ ಇಂದಿಗೂ ಒಳ್ಳೆಯದೇ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಲ್ಲಿ ಎಲೆ ಉಳಿದದ್ದನ್ನು ಗಮನಿಸಿದ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಈ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ತಿರುವು ಮುರುವಾದರೆ ದ್ರಾವಣ ಕೆಡುತ್ತದೆ. ಹೊಳಪುಳ್ಳ ಕುಡುಗೋಲನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಿ, ಅದೇ ದಿನ ಬಳಸಿ. ಎಳೆ ಚಿಗುರಿಗೆ ಈ ಪ್ರಮಾಣ ಸುಡಬಹುದು.

ಮೆಟಲಾಕ್ಸಿಲ್‌ನಂತಹ ಅಂತರ್ವ್ಯಾಪಿ ಔಷಧಿಗಳು ಎಲೆಯೊಳಗಿನ ರೋಗವನ್ನೂ ತಲುಪುತ್ತವೆ. ಆದರೆ ಪದೇ ಪದೇ ಬಳಸಿದರೆ ರೋಗಾಣು ಅವುಗಳಿಗೆ ಜಗ್ಗದಂತಾಗುತ್ತದೆ. ಮ್ಯಾಂಕೋಜೆಬ್ ಸೇರಿದ ಮಿಶ್ರಣವನ್ನೇ ಹಂಗಾಮಿಗೆ ಒಂದೆರಡು ಸಲ, ಮಳೆ ಜೋರಿರುವಾಗಲಷ್ಟೇ ಬಳಸಬೇಕು.

ಗೊಂಚಲಿನ ಸುತ್ತ ಒತ್ತಾದ ಎಲೆಗಳನ್ನು ತೆಗೆದು, ಜೋಲುವ ಚಿಗುರನ್ನು ತಂತಿಗೆ ಕಟ್ಟಿದರೆ ಎಲೆಗಳು ಬೇಗ ಆರುತ್ತವೆ, ಔಷಧಿಯೂ ಒಳಗೆ ತಲುಪುತ್ತದೆ. ರಫ್ತಿಗೆ ಬೆಳೆಯುವವರು ಮಾತ್ರ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಪ್ರಕಟಿಸುವ ಆಯಾ ಹಂಗಾಮಿನ ಪಟ್ಟಿ ನೋಡಿಯೇ ಔಷಧಿ ಆರಿಸಬೇಕು, ಕೊನೆಯ ಸಿಂಪರಣೆಗೂ ಕೊಯ್ಲಿಗೂ ಅದರಲ್ಲಿ ಹೇಳಿದಷ್ಟು ದಿನಗಳ ಅಂತರ ಬಿಡಬೇಕು.