ಕಾಮು ಕಾಮು: ಹುಳಿ ಹಣ್ಣಿನಲ್ಲಿ ಅಂಥದ್ದೇನಿದೆ?

ಪ್ರಶ್ನೆ: ಅಮೆಜಾನ್ ಕಾಡಿನ ‘ಕಾಮು ಕಾಮು’ ಹಣ್ಣಿನ ಪುಡಿ ದುಬಾರಿ ಬೆಲೆಗೆ ಮಾರಾಟವಾಗುತ್ತಿದೆ. ಅದರಲ್ಲಿ ನಿಜಕ್ಕೂ ಅಷ್ಟು ಸತ್ವವಿದೆಯೇ?

ಉತ್ತರ: ಸತ್ವವಂತೂ ಇದೆ. ಪೆರು, ಬ್ರೆಜಿಲ್‌ಗಳ ನದಿದಂಡೆಯಲ್ಲಿ ಬೆಳೆಯುವ ಈ ಗಿಡ ನಮ್ಮ ಪೇರಲೆ, ನೇರಳೆಗಳ ಕುಟುಂಬಕ್ಕೇ ಸೇರಿದ್ದು. ನೆರೆ ಬಂದು ತಿಂಗಳುಗಟ್ಟಲೆ ನೀರಲ್ಲಿ ನಿಂತರೂ ಸಾಯುವುದಿಲ್ಲ. ಕೆನ್ನೇರಳೆ ಸಿಪ್ಪೆಯ ಪುಟ್ಟ ಹಣ್ಣು ವಿಪರೀತ ಹುಳಿ; ಅಲ್ಲಿನವರು ನೀರು, ಸಕ್ಕರೆ ಬೆರೆಸಿ ಪಾನಕ ಮಾಡಿಕೊಳ್ಳುತ್ತಾರೆ. 100 ಗ್ರಾಂ ಕಿತ್ತಳೆಯಲ್ಲಿ ಸಿ ಜೀವಸತ್ವ ಸುಮಾರು 50 ಮಿಲಿಗ್ರಾಂ. ಇದರ ತಿರುಳಿನಲ್ಲಿ ಸುಮಾರು 2 ಗ್ರಾಂ!

ಜಪಾನಿನಲ್ಲಿ 20 ಧೂಮಪಾನಿಗಳ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನ ಕುತೂಹಲಕರ. ಒಂದು ಗುಂಪಿಗೆ ವಾರವಿಡೀ ದಿನಕ್ಕೆ 70 ಮಿ.ಲೀ. ರಸ, ಇನ್ನೊಂದಕ್ಕೆ ಅಷ್ಟೇ ಸಿ ಜೀವಸತ್ವದ ಮಾತ್ರೆ. ಉರಿಯೂತದ ಸೂಚಕಗಳು ಇಳಿದದ್ದು ರಸ ಕುಡಿದವರಲ್ಲಿ ಮಾತ್ರ. ಅಂದರೆ ಹಣ್ಣಿನ ಬೇರೆ ಅಂಶಗಳೂ ಕೆಲಸ ಮಾಡಿರಬೇಕು. ಅಂಥದ್ದೊಂದು ಕ್ಯಾಸ್ಟಲಾಜಿನ್. ಅದು ಇಲಿಗಳ ಕರುಳಿನ ಸೂಕ್ಷ್ಮಾಣುಗಳನ್ನು ಬದಲಿಸಿ ಕ್ಯಾನ್ಸರ್‌ನ ಇಮ್ಯುನೊಥೆರಪಿಗೆ ನೆರವಾಯಿತೆಂದು 2022ರಲ್ಲಿ ಕೆನಡಾದ ಸಂಶೋಧಕರು ವರದಿ ಮಾಡಿದರು.

ಆದರೆ ಇಲಿಗಳಲ್ಲಿ ಕಂಡದ್ದು ಮನುಷ್ಯರಿಗೆ ಔಷಧವಾಗಿಬಿಡುವುದಿಲ್ಲ. ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಈ ಪುಡಿ ಸೇವಿಸಬೇಡಿ. ಸಿ ಜೀವಸತ್ವಕ್ಕಾದರೆ ದಿನಕ್ಕೊಂದು ಪೇರಲೆ ಧಾರಾಳ ಸಾಕು.