ಹೊಸಪೇಟೆಯ ಸರಕು, ಕರಾವಳಿಯ ಹಡಗು: ಬಂದರು ಬದಲಿಸಿದ ರೈಲು

ಹೊಸಪೇಟೆ: ಸಮುದ್ರದಿಂದ ಬಹುದೂರವಿರುವ ಹೊಸಪೇಟೆ, ಸಂಡೂರು ಪರಿಸರದ ವ್ಯಾಪಾರ ಐದು ಶತಮಾನಗಳಿಂದ ಪಶ್ಚಿಮ ಕರಾವಳಿಯನ್ನೇ ನೆಚ್ಚಿಕೊಂಡಿದೆ.

ವಿಜಯನಗರದ ಸೈನ್ಯಕ್ಕೆ ಬೇಕಿದ್ದ ಅರಬ್ಬೀ ಕುದುರೆಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿದು ಘಟ್ಟವೇರಿ ಹಂಪಿ ಸೇರುತ್ತಿದ್ದವು. 1510ರಲ್ಲಿ ಗೋವಾವನ್ನು ಗೆದ್ದ ಪೋರ್ಚುಗೀಸರು ಈ ವ್ಯಾಪಾರವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡರು.

19ನೇ ಶತಮಾನದಲ್ಲಿ ಮುಖ್ಯ ಸರಕು ಹತ್ತಿಯಾಯಿತು. ಬಯಲುಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಕುಮಟಾಕ್ಕೆ ಇಳಿದು, ಹಡಗೇರಿ ಮುಂಬಯಿಗೆ ಸಾಗುತ್ತಿತ್ತು. ಬೆಳೆದ ನಾಡಿನ ಹೆಸರಿನ ಬದಲು ಬಂದರಿನ ಹೆಸರಿನಲ್ಲೇ ಅದು 'ಕುಮಟಾ ಹತ್ತಿ' ಎಂದು ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಯಿತು. 1861-65ರ ಅಮೆರಿಕದ ಅಂತರ್ಯುದ್ಧ ಬೇಡಿಕೆಯನ್ನು ಹೆಚ್ಚಿಸಿತು.

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಈ ಚಿತ್ರವನ್ನು ಬದಲಿಸಿತು. ಅದೇ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿ ಮಾರ್ಗವು ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾ ಬಂದರಿಗೆ ಕೂಡಿಕೊಂಡಿತು. ರೈಲು ದೊರೆಯದ ಕುಮಟಾ, ಕಾರವಾರಗಳು ಒಳನಾಡಿನ ಸರಕನ್ನು ಕಳೆದುಕೊಂಡವು. ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯಂತಹ ಸಂಸ್ಥೆಗಳ ಸ್ಟೀಮರುಗಳಿಗೆ ಉಳಿದದ್ದು ಮುಖ್ಯವಾಗಿ ಪ್ರಯಾಣಿಕರು ಮತ್ತು ಕರಾವಳಿಯ ಸರಕು.

ಇಂದಿಗೂ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮರ್ಮಗೋವಾದ ಕಲ್ಲಿದ್ದಲು ಇದೇ ದಾರಿಯಲ್ಲಿ ಬರುತ್ತದೆ. ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗ ಇನ್ನೂ ಪೂರ್ಣಗೊಂಡಿಲ್ಲ. ಹೀಗಾಗಿ ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲದ ಬಳಿಕವೂ ಉತ್ತರ ಕನ್ನಡದ ಬಂದರುಗಳಿಗೆ ಬಯಲುಸೀಮೆಯ ನೇರ ರೈಲು ಸಂಪರ್ಕ ದೊರೆತಿಲ್ಲ.